ಬೆರಳುಗಳ ನಡುವಿನ ಬೆಳಕು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಮೈಸೂರು ನೋಡಲು ಬರುವವರು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದರೆ ತಪ್ಪದೆ ಹುಡುಕುವ ಚಿತ್ರವೆಂದರೆ ದೀಪ ಹಿಡಿದ ಮಹಿಳೆಯದು. ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಈ ಚಿತ್ರವನ್ನು ರಾಜಾ ರವಿವರ್ಮನದೆಂದು ನಂಬಿದವರು ಇಂದಿಗೂ ಬಹಳ ಮಂದಿ. ಆದರೆ ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ಇದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಕಲಾಶಾಲೆ ನಡೆಸಿದ ಎಸ್.ಎಲ್. ಹಲ್ದಂಕರ್ (1882–1968), ಬರೆದದ್ದು 1940ರ ದಶಕದ ಮಧ್ಯದಲ್ಲಿ, ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ಇಷ್ಟು ಜನಪ್ರಿಯವಾದ ಚಿತ್ರದ ಕರ್ತೃವಿನ ಹೆಸರೇ ಜನರ ಬಾಯಲ್ಲಿ ಉಳಿಯದಿರುವುದು ಆ ಕಲಾವಿದನಿಗಾದ ದೊಡ್ಡ ಅನ್ಯಾಯ.

ಚಿತ್ರ ತೈಲವರ್ಣದ್ದಲ್ಲ, ಜಲವರ್ಣದ್ದು ಎಂಬುದನ್ನು ಗಮನಿಸಿದಾಗಲೇ ಅದರ ಹಿರಿಮೆ ಪೂರ್ತಿ ಮನದಟ್ಟಾಗುತ್ತದೆ. ತೈಲವರ್ಣದಲ್ಲಿ ಕತ್ತಲೆಯನ್ನು ಮೊದಲು ಬಳಿದು ಅದರ ಮೇಲೆ ದಪ್ಪನೆಯ ತಿಳಿಬಣ್ಣದಿಂದ ಬೆಳಕನ್ನು ಮೂಡಿಸಬಹುದು, ತಪ್ಪಿದರೆ ಮುಚ್ಚಿ ತಿದ್ದಲೂಬಹುದು. ನೀರಿನಲ್ಲಿ ಕದಡಿದ ಪಾರದರ್ಶಕ ಬಣ್ಣಕ್ಕೆ ಆ ಅನುಕೂಲವಿಲ್ಲ, ಅಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿದ, ಇಲ್ಲವೇ ತೆಳುವಾಗಿ ತಾಗಿದ ಕಾಗದವೇ. ಹೀಗಾಗಿ ಎಲ್ಲಿ ಬಣ್ಣ ಹಾಕಬಾರದೆಂಬುದನ್ನು ಕಲಾವಿದ ಕುಂಚ ಎತ್ತುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ದೀಪದ ಕುಡಿಗೆ ಅಡ್ಡ ಹಿಡಿದ ಕೈಯನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕಾಚಾರ ಕಾಣುತ್ತದೆ: ಬೆಳಕು ಬೆರಳ ಸಂದುಗಳಲ್ಲಿ ನುಸುಳುವುದಷ್ಟೇ ಅಲ್ಲ, ಚರ್ಮದೊಳಗಿನ ನೆತ್ತರನ್ನು ಹಾದು ಬಂದಂತೆ ಬೆರಳಂಚುಗಳನ್ನು ಕೆಂಪಾಗಿಸುತ್ತದೆ.

ಹಲ್ದಂಕರ್ ಯುರೋಪಿನ ಉತ್ತರ-ಪ್ರಭಾವವಾದಿಗಳ ಪಂಥದವರಲ್ಲ. ಕಣ್ಣಿಗೆ ಕಂಡ ಕ್ಷಣದ ಬೆಳಕನ್ನು ಹಿಡಿಯುವುದಷ್ಟೇ ಸಾಲದೆಂದು ಬಣ್ಣಕ್ಕೂ ರೇಖೆಗೂ ಸ್ವತಂತ್ರ ಅರ್ಥ ಕೊಟ್ಟ ಸೆಜಾನ್, ಗೋಗ್ಯಾನ್, ವ್ಯಾನ್ ಗೋ ಮೊದಲಾದವರಿಗೆ ಆ ಹೆಸರು ಬಂದದ್ದು 1910ರ ಲಂಡನ್ ಪ್ರದರ್ಶನದಿಂದ. ಆದರೂ ಮನೆಯೊಳಗಿನ ಹೆಣ್ಣನ್ನು ಬರೆಯುವ ಎರಡು ದಾರಿಗಳನ್ನು ತಿಳಿಯಲು ಹೋಲಿಕೆ ಉಪಯುಕ್ತ. ಆರ್ಲ್ ಪಟ್ಟಣದಲ್ಲಿ ವ್ಯಾನ್ ಗೋ 1888ರ ಕೊನೆಗೆ ಆರಂಭಿಸಿ ಐದು ಬಾರಿ ಬರೆದ ‘ಲಾ ಬೆರ್ಸ್ಯೂಸ್’ ಚಿತ್ರದಲ್ಲಿ ಅಂಚೆ ನೌಕರ ರೂಲ್ಯಾನ ಹೆಂಡತಿ ಓಗಸ್ತೀನ್, ತೊಟ್ಟಿಲು ತೂಗುವ ಹಗ್ಗ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಾಳೆ. ತೊಟ್ಟಿಲಾಗಲಿ ಮಗುವಾಗಲಿ ಚೌಕಟ್ಟಿನೊಳಗಿಲ್ಲ. ಅಲ್ಲಿ ದೀಪವಿಲ್ಲ, ನೆರಳೂ ಇಲ್ಲವೆನ್ನುವಷ್ಟು ಕಡಿಮೆ. ಕೆಂಪು ನೆಲ, ಹಸಿರು ಉಡುಪು, ಗೋಡೆಯ ತುಂಬ ಹರಡಿದ ದೊಡ್ಡ ಹೂಗಳು ಒಂದರ ಪಕ್ಕ ಒಂದು ಗಟ್ಟಿಯಾಗಿ ನಿಂತು ಆಕೆಯ ಸುತ್ತ ನೆಮ್ಮದಿಯನ್ನು ಕಟ್ಟುತ್ತವೆ. ಸಮುದ್ರದಲ್ಲಿ ಒಂಟಿಯಾದ ಮೀನುಗಾರರಿಗೆ ಈ ಚಿತ್ರ ಜೋಗುಳದ ನೆನಪು ತರಲೆಂದು ಚಿತ್ರಕಾರ ಆಶಿಸಿದ್ದ.

ಅಲ್ಲಿ ಬಣ್ಣದ ಮಾತು ಮುಂದು, ಇಲ್ಲಿ ಬೆಳಕಿನದು. ಇಬ್ಬರೂ ದೇವತೆಯನ್ನಾಗಲಿ ರಾಣಿಯನ್ನಾಗಲಿ ಹುಡುಕಿ ಹೋಗದೆ, ಹಗ್ಗ ಎಳೆಯುವ, ದೀಪ ಕಾಯುವ ಕೈಗಳಿಗೇ ಚಿತ್ರದ ಇಡೀ ಭಾರವನ್ನು ಹೊರಿಸಿದ್ದಾರೆ. ಜಗನ್ಮೋಹನದಲ್ಲಿ ದೀಪ ನಿಜವಾಗಿ ಉರಿಯುತ್ತಿದೆಯೋ ಎಂದು ಬೆರಗಾಗಿ ಮುಂದೆ ಸಾಗುವವರು ಆ ಕೈಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕು.