ಎರಡನೇ ಅವಕಾಶದ ದರಪಟ್ಟಿ

1996ರ ಏಪ್ರಿಲ್‌ನ ಒಂದು ಶನಿವಾರ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ, ತನ್ನಲ್ಲಿದ್ದ ಜೆರೋಮ್ ಬೆಟಿಸ್ ಎಂಬ ಆಟಗಾರನನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿತು. ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ನುಗ್ಗುವ ‘ರನ್ನಿಂಗ್ ಬ್ಯಾಕ್’ ಅವನು. (ಇಲ್ಲಿ ಹೇಳುತ್ತಿರುವುದು ಕಾಲ್ಚೆಂಡಿನ ಮಾತಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ ಫುಟ್‌ಬಾಲಿನದು.) ಅದೇ ದಿನ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ವಾರ್ಷಿಕ ಕಾರ್ಯಕ್ರಮದಲ್ಲಿ, ರ‍್ಯಾಮ್ಸ್ ಆರನೆಯವನಾಗಿ ಆರಿಸಿದ್ದು ಲಾರೆನ್ಸ್ ಫಿಲಿಪ್ಸ್‌ನನ್ನು. ಏಳು ತಿಂಗಳ ಹಿಂದಷ್ಟೇ ಅವನು ಮಾಜಿ ಗೆಳತಿಯ ಮೇಲೆ ಹಲ್ಲೆ ಮಾಡಿ ಸುದ್ದಿಯಾಗಿದ್ದ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೋಚ್ ಟಾಮ್ ಆಸ್ಬೋರ್ನ್ ಆರು ಪಂದ್ಯ ಹೊರಗಿಟ್ಟು ಮತ್ತೆ ಒಳಗೆ ಕರೆದುಕೊಂಡಿದ್ದರು. ಮರಳಿ ಬಂದವನು 1996ರ ಜನವರಿ 2ರ ಫಿಯೆಸ್ಟಾ ಬೌಲ್‌ನಲ್ಲಿ 165 ಗಜ ಓಡಿದ. ನೆಬ್ರಾಸ್ಕಾ 62-24ರಿಂದ ಫ್ಲಾರಿಡಾವನ್ನು ಬಡಿದು ರಾಷ್ಟ್ರೀಯ ಚಾಂಪಿಯನ್ ಆಯಿತು. ರ‍್ಯಾಮ್ಸ್ ಕಂಡದ್ದು ಆ 165 ಗಜವನ್ನು. 1997ರ ನವೆಂಬರ್ ಹೊತ್ತಿಗೆ ಅದೇ ತಂಡ ಅವನನ್ನು ಕೈಬಿಟ್ಟಿತ್ತು. ಮುಂದೆ ಬೇರೆ ಅಪರಾಧಗಳಿಗೆ ದೀರ್ಘ ಶಿಕ್ಷೆಯಾಗಿ, 2016ರ ಜನವರಿಯಲ್ಲಿ ಅವನು ಕ್ಯಾಲಿಫೋರ್ನಿಯಾದ ಜೈಲೊಂದರಲ್ಲೇ ಸತ್ತ. ಬೇಡವಾಗಿದ್ದ ಬೆಟಿಸ್ ಹದಿಮೂರು ಸಾವಿರಕ್ಕೂ ಹೆಚ್ಚು ಗಜ ಓಡಿ, 2015ರಲ್ಲಿ ಆಟದ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಸೇರಿದ.

ಇಂಥದ್ದೊಂದು ಪೆಟ್ಟು ತಿಂದ ಮೇಲೆ ತಂಡಗಳು ನಡತೆಯನ್ನು ನೋಡಿಯೇ ಆಟಗಾರರನ್ನು ತೆಗೆದುಕೊಳ್ಳತೊಡಗಿದವು ಎಂದುಕೊಂಡರೆ ತಪ್ಪು. ಎರಡೇ ವರ್ಷದಲ್ಲಿ ತದ್ವಿರುದ್ಧ ಪಾಠ ಸಿಕ್ಕಿತು. ರ‍್ಯಾಂಡಿ ಮಾಸ್ ಹೈಸ್ಕೂಲಿನ ಹೊಡೆದಾಟವೊಂದರಲ್ಲಿ ಸಿಕ್ಕಿಬಿದ್ದು ನೋಟ್ರ ಡೇಮ್ ವಿಶ್ವವಿದ್ಯಾಲಯದ ಸೀಟು ಕಳೆದುಕೊಂಡವನು, ಗಾಂಜಾ ಸೇದಿದ್ದಕ್ಕೆ ಫ್ಲಾರಿಡಾ ಸ್ಟೇಟ್‌ನಿಂದಲೂ ಹೊರಬಿದ್ದವನು. ಕೊನೆಗೆ ಮಾರ್ಷಲ್ ಎಂಬ ಸಣ್ಣ ವಿಶ್ವವಿದ್ಯಾಲಯಕ್ಕೆ ಆಡಿದ. 1998ರ ಡ್ರಾಫ್ಟ್‌ನಲ್ಲಿ ಅವನ ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಇಪ್ಪತ್ತು ಹೆಸರು ಮುಗಿದ ಮೇಲಷ್ಟೇ ಮಿನ್ನೆಸೋಟಾ ವೈಕಿಂಗ್ಸ್ ಅವನ ಹೆಸರು ಕೂಗಿತು. ಎಂಟನೇ ಸರದಿಯಲ್ಲಿದ್ದ ಡಲ್ಲಾಸ್ ಕೌಬಾಯ್ಸ್ ಅವನನ್ನು ಬಿಟ್ಟುಕೊಟ್ಟಿತ್ತು. ಅದೇ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು, ದೇಶವೆಲ್ಲ ಟಿವಿ ಮುಂದೆ ಕೂತಿರುವಾಗ, ಡಲ್ಲಾಸ್‌ನ ಅಂಗಳದಲ್ಲೇ ಮಾಸ್ ಮೂರು ಸಲ ಚೆಂಡು ಹಿಡಿದ. ಮೂರೂ ಟಚ್‌ಡೌನ್, ಅಂದರೆ ಎದುರಾಳಿಯ ಕೊನೆಗೆರೆ ದಾಟಿ ಅಂಕ ತಂದಂಥವು, ಒಟ್ಟು 163 ಗಜ. ಆ ವರ್ಷ ಅವನು ಹಿಡಿದ 17 ಟಚ್‌ಡೌನ್ ಹೊಸಬನೊಬ್ಬನ ದಾಖಲೆಯಾಯಿತು. ಫಿಲಿಪ್ಸ್‌ನನ್ನು ತೆಗೆದುಕೊಂಡದ್ದಕ್ಕಿಂತ ಮಾಸ್‌ನನ್ನು ಬಿಟ್ಟದ್ದೇ ವ್ಯವಸ್ಥಾಪಕರ ನಿದ್ದೆ ಕೆಡಿಸಿತು ಎಂದು ಆಮೇಲಿನ ಇಪ್ಪತ್ತೈದು ವರ್ಷ ನೋಡಿದರೆ ಅನಿಸುತ್ತದೆ. ಕೆಟ್ಟ ಹೆಸರಿನವನನ್ನು ತೆಗೆದುಕೊಂಡು ಕೆಟ್ಟರೆ ಒಂದು ಸರದಿ ಹೋಗುತ್ತದೆ. ಬಿಟ್ಟು ಕೆಟ್ಟರೆ ಅವನು ವರ್ಷವರ್ಷವೂ ಎದುರು ನಿಂತು ಹೊಡೆಯುತ್ತಾನೆ.

ಹಾಗೆಂದು ಇದು ತೊಂಬತ್ತರ ದಶಕದಲ್ಲಿ ಹುಟ್ಟಿದ ಚಾಳಿಯಲ್ಲ. ಎಪ್ಪತ್ತರ ದಶಕದಲ್ಲೇ ಓಕ್ಲೆಂಡ್ ರೇಡರ್ಸ್‌ನ ಆಲ್ ಡೇವಿಸ್, ಉಳಿದವರು ಎಸೆದವರನ್ನು ಆರಿಸಿ ತಂಡ ಕಟ್ಟುವುದನ್ನೇ ಹೆಮ್ಮೆಯ ವಿಷಯ ಮಾಡಿಕೊಂಡಿದ್ದರು. 1973ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿದ್ದ ಜಾನ್ ಮಟುಸಾಕ್ ಮೂರು ವರ್ಷದಲ್ಲಿ ಊರೂರು ಅಲೆದು ಡೇವಿಸ್ ಬಳಿ ಬಂದು ಬಿದ್ದ, ಅಲ್ಲೇ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಎರಡು ಸಲ ಗೆದ್ದ. ಆದರೆ ಅದು ಒಬ್ಬ ಮಾಲೀಕನ ಗುಣ. ಅದನ್ನು ಎಲ್ಲರ ಲೆಕ್ಕಾಚಾರವನ್ನಾಗಿ ಮಾಡಿದ್ದು 1994ರಲ್ಲಿ ಬಂದ ವೇತನ ಮಿತಿ. ಆ ವರ್ಷ ಪ್ರತಿ ತಂಡವೂ ಆಟಗಾರರ ಮೇಲೆ 3 ಕೋಟಿ 46 ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಎಲ್ಲರ ಕೈಯಲ್ಲೂ ಒಂದೇ ಮೊತ್ತವಿದ್ದಾಗ ಗೆಲ್ಲುವವನು ಹೆಚ್ಚು ಖರ್ಚು ಮಾಡುವವನಲ್ಲ, ಕಡಿಮೆಗೆ ಕೊಳ್ಳುವವನು. ಹತ್ತು ರೂಪಾಯಿಯ ಆಟವನ್ನು ನಾಲ್ಕಕ್ಕೆ ಯಾರು ಮಾರುತ್ತಾರೆ? ವಯಸ್ಸಾದವನು, ಮಂಡಿ ಮುರಿದವನು, ಇಲ್ಲವೇ ಪೊಲೀಸ್ ಠಾಣೆಯ ಕಡತದಲ್ಲಿ ಹೆಸರಿರುವವನು. ಮೊದಲ ಇಬ್ಬರ ದೇಹ ಸವೆದಿದೆ. ಮೂರನೆಯವನ ದೇಹಕ್ಕೆ ಏನೂ ಆಗಿಲ್ಲ. ಕಳಂಕ ಎನ್ನುವುದು ಹೀಗೆ ರಿಯಾಯಿತಿಯಾಯಿತು. ‘ಎರಡನೇ ಅವಕಾಶ’ ಎಂಬ ಮಾತನ್ನು ಪತ್ರಿಕಾಗೋಷ್ಠಿಗಳಲ್ಲಿ ಕೇಳುವಾಗಲೆಲ್ಲ ಅದರ ಹಿಂದಿರುವ ಈ ಅಂಕಗಣಿತವನ್ನು ಮರೆಯಬಾರದು ಎನ್ನುವುದೇ ಈ ಲೇಖನದ ವಾದ. ಅವಕಾಶ ಕೊಡುವ ಕೈ ಕರುಣೆಯದ್ದಲ್ಲ, ದರ ಕಟ್ಟುವವನದು.

ದರ ಕಟ್ಟುವುದಕ್ಕೆ ಸಾಧನಗಳು ಬೇಕಲ್ಲ, ಅವೂ ಬಂದವು. ಆಟಗಾರನ ಹಳೆಯ ಶಾಲೆ, ಕೋಚ್, ನೆರೆಹೊರೆಯನ್ನೆಲ್ಲ ವಿಚಾರಿಸಿ ವರದಿ ಕೊಡುವವರು ಬಂದರು. ಈ ತಂಡಗಳೆಲ್ಲ ಆಡುವ ಲೀಗ್ 1997ರಲ್ಲಿ ಹಿಂಸಾಪರಾಧಗಳ ಬಗ್ಗೆ ಮೊದಲ ನಿಯಮ ಮಾಡಿತು, 2007ರಲ್ಲಿ ಅದನ್ನು ಬಿಗಿಗೊಳಿಸಿತು, 2014ರಲ್ಲಿ ಕೌಟುಂಬಿಕ ಹಿಂಸೆಗೆ ಆರು ಪಂದ್ಯಗಳ ಮೂಲ ಶಿಕ್ಷೆ ಗೊತ್ತುಮಾಡಿತು. ನಿಯಮ ಬಿಗಿಯಾದಷ್ಟೂ ಅಪಾಯವನ್ನು ಅಳೆಯುವುದು ಸುಲಭವಾಯಿತು ಎನ್ನುವುದು ವಿಚಿತ್ರ. ಎಷ್ಟು ಪಂದ್ಯ ತಪ್ಪುತ್ತದೆಂದು ಮೊದಲೇ ಗೊತ್ತಿದ್ದರೆ ಅಷ್ಟನ್ನು ಬೆಲೆಯಲ್ಲಿ ಕಳೆದರಾಯಿತು. 2015ರಲ್ಲಿ ಡಲ್ಲಾಸ್ ತಂಡ ಗ್ರೆಗ್ ಹಾರ್ಡಿಯೊಂದಿಗೆ ಮಾಡಿಕೊಂಡ ಒಪ್ಪಂದ ಇದರ ಮಾದರಿ ಪ್ರತಿಯಂತಿದೆ. ಗೆಳತಿಯ ಮೇಲಿನ ಹಲ್ಲೆಗೆ ಅವನನ್ನು ನ್ಯಾಯಾಧೀಶರು ತಪ್ಪಿತಸ್ಥನೆಂದಿದ್ದರು. ಅವನು ಜ್ಯೂರಿ ವಿಚಾರಣೆ ಕೇಳಿದ, ದೂರುದಾರೆ ಹಾಜರಾಗದೆ ಪ್ರಕರಣ ಬಿದ್ದುಹೋಯಿತು. ಒಂದು ವರ್ಷದ ಆ ಒಪ್ಪಂದದಲ್ಲಿ 92 ಲಕ್ಷ 50 ಸಾವಿರ ಡಾಲರ್ ಪಂದ್ಯದ ಲೆಕ್ಕದಲ್ಲಿ ಹಂಚಿಹೋಗಿತ್ತು. ಆಡಿದರೆ ಪಂದ್ಯಕ್ಕೆ 5 ಲಕ್ಷ 78 ಸಾವಿರ, ಅಮಾನತಾಗಿ ಮನೆಯಲ್ಲಿ ಕೂತರೆ ಸೊನ್ನೆ. ಅಂದರೆ ಅವನ ನಡತೆಯ ಅಪಾಯವನ್ನು ತಂಡ ಅವನ ಹೆಗಲಿಗೇ ಹೊರಿಸಿ ಅವನ ತೋಳ್ಬಲವನ್ನಷ್ಟೇ ಬಾಡಿಗೆಗೆ ಪಡೆದಿತ್ತು. ಹನ್ನೆರಡು ಪಂದ್ಯದಲ್ಲಿ ಆರು ಸ್ಯಾಕ್ (ಚೆಂಡೆಸೆಯುವ ಮೊದಲೇ ಎಸೆಯುವವನನ್ನು ಕೆಡವುವುದು) ಬಂದವು. ಮರುವರ್ಷ ಯಾವ ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪವಾಗಿ ಬರುವ ಹೆಸರು ಮೈಕೆಲ್ ವಿಕ್, ಅದು ಸಣ್ಣ ಆಕ್ಷೇಪವೂ ಅಲ್ಲ. 2001ರ ಡ್ರಾಫ್ಟ್‌ನ ಮೊದಲ ಆಯ್ಕೆ, ಚೆಂಡೆಸೆದು ಆಟ ನಡೆಸುವ ‘ಕ್ವಾರ್ಟರ್‌ಬ್ಯಾಕ್’, ಅಟ್ಲಾಂಟಾದ ಕಣ್ಮಣಿ, ಒಂದು ಕಾಲಕ್ಕೆ 13 ಕೋಟಿ ಡಾಲರ್‌ನ ಒಪ್ಪಂದದವನು. 2007ರಲ್ಲಿ ವರ್ಜೀನಿಯಾದ ಸರ‍್ರಿ ಕೌಂಟಿಯಲ್ಲಿದ್ದ ಅವನ ಮನೆಯ ಹಿತ್ತಲಲ್ಲಿ ನಾಯಿಕಾಳಗದ ದಂಧೆ ಪತ್ತೆಯಾಯಿತು. ಕಾದಾಡಲಾರದ ನಾಯಿಗಳನ್ನು ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಂದದ್ದು ನ್ಯಾಯಾಲಯದ ದಾಖಲೆಗೆ ಬಂತು. ತಪ್ಪೊಪ್ಪಿಕೊಂಡ, 23 ತಿಂಗಳ ಶಿಕ್ಷೆಯಾಯಿತು, ದಿವಾಳಿಯೆದ್ದ. ಉಳಿದ ನಾಯಿಗಳ ಪಾಲನೆಗೆ 9 ಲಕ್ಷ 28 ಸಾವಿರ ಡಾಲರ್ ಕಟ್ಟಬೇಕಾಯಿತು. 2009ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವನನ್ನು 16 ಲಕ್ಷ ಡಾಲರ್‌ಗೆ, ಬದಲಿ ಆಟಗಾರನಾಗಿ ತೆಗೆದುಕೊಂಡಿತು. ಕೋಚ್ ಆಂಡಿ ರೀಡ್ ಅವರ ಇಬ್ಬರು ಗಂಡುಮಕ್ಕಳು 2007ರಲ್ಲಿ ಜೈಲಿಗೆ ಹೋದವರು. ಅವರ ಕರುಣೆ ಬರೀ ತೋರಿಕೆಯದ್ದೆಂದು ಹೇಳುವ ಧೈರ್ಯ ಯಾರಿಗೂ ಬರಬಾರದು. ವಿಕ್ ಬದಲಾದದ್ದೂ ನಿಜ. ಪ್ರಾಣಿದಯಾ ಸಂಘಟನೆಯೊಂದಿಗೆ ಶಾಲೆಗಳಿಗೆ ಹೋಗಿ ಮಾತಾಡಿದ. ನಾಯಿಕಾಳಗ ನೋಡಲು ಹೋಗುವುದನ್ನೂ ಅಪರಾಧವಾಗಿಸುವ ಮಸೂದೆಯ ಪರವಾಗಿ 2011ರಲ್ಲಿ ವಾಷಿಂಗ್ಟನ್‌ಗೆ ಹೋದ. 2010ರಲ್ಲಿ ವರ್ಷದ ಪುನರಾಗಮನದ ಆಟಗಾರನೆನಿಸಿ, ಮರುವರ್ಷ 10 ಕೋಟಿ ಡಾಲರ್ ಮೌಲ್ಯದ ಒಪ್ಪಂದ ಗಿಟ್ಟಿಸಿದ. ಇಷ್ಟೆಲ್ಲ ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ: ಅದೇ ಜೈಲಿನಿಂದ, ಅದೇ ಪಶ್ಚಾತ್ತಾಪದೊಂದಿಗೆ, ಆದರೆ ಸಾಧಾರಣ ತೋಳಿನ ಒಬ್ಬ ಕ್ವಾರ್ಟರ್‌ಬ್ಯಾಕ್ ಹೊರಬಂದಿದ್ದರೆ ಅವನಿಗೆ ಯಾರು ಫೋನ್ ಮಾಡುತ್ತಿದ್ದರು?

ಆ ಪ್ರಶ್ನೆಗೆ ಉತ್ತರದಂತೆ ರೇ ರೈಸ್ ಎಂಬ ರನ್ನಿಂಗ್ ಬ್ಯಾಕ್ ಇದ್ದಾನೆ. 2014ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಒಂದರ ಲಿಫ್ಟಿನೊಳಗೆ ತಾನು ಮದುವೆಯಾಗಲಿದ್ದ ಹೆಣ್ಣನ್ನು ಹೊಡೆದು ಬೀಳಿಸಿದ. ಲೀಗ್ ಮೊದಲು ಕೊಟ್ಟದ್ದು ಎರಡೇ ಪಂದ್ಯದ ಶಿಕ್ಷೆ. ಸೆಪ್ಟೆಂಬರ್‌ನಲ್ಲಿ ಲಿಫ್ಟಿನೊಳಗಿನ ವಿಡಿಯೊ ಹೊರಬಿದ್ದ ದಿನವೇ ಬಾಲ್ಟಿಮೋರ್ ತಂಡ ಅವನನ್ನು ಕಿತ್ತುಹಾಕಿತು. ನವೆಂಬರ್‌ನಲ್ಲಿ ಅಮಾನತು ರದ್ದಾಗಿ ಆಡಲು ಅರ್ಹನಾದ, ಅವನೂ ಪಶ್ಚಾತ್ತಾಪಪಟ್ಟ. ಒಂದು ತಂಡವೂ ಕರೆಯಲಿಲ್ಲ. ವಿಡಿಯೊದ ಭೀಕರತೆ ಕಾರಣ ಎನ್ನುವವರಿದ್ದಾರೆ, ಅದರಲ್ಲಿ ಸತ್ಯವಿದೆ. ಆದರೆ ಹೆಣ್ಣಿನ ಮುಖಕ್ಕೆ ಗುದ್ದುವ ವಿಡಿಯೊ ಹೊರಬಂದ ನಾಲ್ಕೇ ತಿಂಗಳಿಗೆ, 2017ರಲ್ಲಿ, ಜೋ ಮಿಕ್ಸನ್‌ನನ್ನು ಸಿನ್ಸಿನಾಟಿ 48ನೆಯವನಾಗಿ ತೆಗೆದುಕೊಂಡಿತಲ್ಲ? ವ್ಯತ್ಯಾಸ ಬೇರೆ ಕಡೆ ಇದೆ. ರೈಸ್‌ಗೆ 27 ತುಂಬಿತ್ತು, ಹಿಂದಿನ ಋತುವಿನಲ್ಲಿ ಪ್ರತಿ ಓಟಕ್ಕೆ ಅವನ ಗಳಿಕೆ 3.1 ಗಜಕ್ಕೆ ಇಳಿದಿತ್ತು. ಮಿಕ್ಸನ್‌ಗೆ ಇನ್ನೂ 20. ಟೈರೀಕ್ ಹಿಲ್ ಕಥೆಯೂ ಇದೇ ದಾರಿಯದು. ಗೆಳತಿಯ ಕತ್ತು ಹಿಸುಕಿ ಹಲ್ಲೆ ಮಾಡಿದ್ದಾಗಿ 2015ರಲ್ಲಿ ತಪ್ಪೊಪ್ಪಿಕೊಂಡಿದ್ದ ಅವನನ್ನು ಮರುವರ್ಷ ಕ್ಯಾನ್ಸಸ್ ಸಿಟಿ ಐದನೇ ಸುತ್ತಿನಲ್ಲಿ, 165ನೆಯವನಾಗಿ ಆರಿಸಿತು. ಆಗ ಅಲ್ಲಿನ ಕೋಚ್ ಮತ್ತೆ ಆಂಡಿ ರೀಡ್. 2020ರ ಸೂಪರ್ ಬೌಲ್‌ನಲ್ಲಿ ತಂಡ 10-20ರಿಂದ ಹಿಂದಿದ್ದು, ಚೆಂಡು ಉಳಿಸಿಕೊಳ್ಳಲು 15 ಗಜ ಬೇಕಿದ್ದಾಗ ಹಿಲ್ 44 ಗಜದ ಚೆಂಡು ಹಿಡಿದ. ಅಲ್ಲಿಂದ ಪಂದ್ಯ ತಿರುಗಿತು. ಹಾಲು ಕೊಡುವ ಹಸುವಿನ ಒದೆ ಸಹಿಸಬೇಕೆನ್ನುತ್ತಾರೆ. ಇಲ್ಲಿ ಹಾಲು ಕುಡಿಯುವವರು ಒಬ್ಬರು, ಒದೆ ತಿಂದವರು ಇನ್ನೊಬ್ಬರು.

ಕೋರ್ಟು ಶಿಕ್ಷೆ ಕೊಟ್ಟು ಮುಗಿಸಿದ ಮೇಲೆ ಮನುಷ್ಯನ ಹೊಟ್ಟೆಪಾಡಿಗೆ ಕಲ್ಲು ಹಾಕಲು ನೀವ್ಯಾರು ಎಂಬುದು ಎರಡನೇ ಆಕ್ಷೇಪ. ಸರಿಯಾದ ಮಾತು, ಆದರೆ ಅದು ಹಕ್ಕಿನ ಮಾತು. ಹಕ್ಕು 3.1 ಗಜದವನಿಗೂ ಇರಬೇಕು. ಗಜ ನೋಡಿ ಕೊಡುವುದು ಹಕ್ಕಲ್ಲ. ಮೂರನೆಯದು ಇನ್ನೂ ಗಂಭೀರ: ‘ನಡತೆ ಸರಿಯಿಲ್ಲ’ ಎಂಬ ಹಣೆಪಟ್ಟಿ ಈ ಆಟದಲ್ಲಿ ಬಹುಪಾಲು ಕಪ್ಪು ಹುಡುಗರ ಹಣೆಗೇ ಅಂಟುತ್ತದೆ, ಗಾಂಜಾ, ಒರಟು ಮಾತು, ಹಲ್ಲೆ, ಎಲ್ಲಕ್ಕೂ ಒಂದೇ ಚೀಟಿ. ಮಾಸ್‌ನ ಹೈಸ್ಕೂಲು ಹೊಡೆದಾಟದಲ್ಲೇ ಜನಾಂಗೀಯ ಜಗಳದ ಹೊಗೆಯಿತ್ತು. ಈ ಆಕ್ಷೇಪಕ್ಕೆ ನನ್ನಲ್ಲಿ ಮರುಮಾತಿಲ್ಲ, ಬದಲಿಗೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ನಡತೆಯನ್ನು ನಿಜಕ್ಕೂ ತೂಗುವವರು ಗಾಂಜಾವನ್ನೂ ಕತ್ತು ಹಿಸುಕುವುದನ್ನೂ ಒಂದೇ ತಕ್ಕಡಿಗೆ ಹಾಕುತ್ತಿರಲಿಲ್ಲ. ಇಲ್ಲಿ ತೂಗುವುದು ಗದ್ದಲವನ್ನು. 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ ಕಾಲಿನ್ ಕೆಪರ್ನಿಕ್ ಮೇಲೆ ಯಾವ ಪ್ರಕರಣವೂ ಇರಲಿಲ್ಲ. 2016ರ ಋತುವಿನ ಬಳಿಕ ಅವನು ಒಂದು ಪಂದ್ಯವನ್ನೂ ಆಡಲಿಲ್ಲ.

ಈ ದರಪಟ್ಟಿಯಲ್ಲಿ ರಿಯಾಯಿತಿಯೇ ಇಲ್ಲದ ಒಂದು ಸಾಲೂ ಇದೆ ಎಂದು ತೋರಿಸಿದ್ದು ಕ್ಲೀವ್‌ಲ್ಯಾಂಡ್ ಬ್ರೌನ್ಸ್. 2022ರ ಮಾರ್ಚ್ ಹೊತ್ತಿಗೆ ಹ್ಯೂಸ್ಟನ್‌ನ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು, ಹೆಚ್ಚಿನವರು ಮಸಾಜ್ ವೃತ್ತಿಯವರು, ಲೈಂಗಿಕ ದುರ್ವರ್ತನೆಯ ಸಿವಿಲ್ ದಾವೆ ಹೂಡಿದ್ದರು. ಅವನು ಎಲ್ಲವನ್ನೂ ನಿರಾಕರಿಸಿದ್ದ. ಒಂದು ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಲು ಒಪ್ಪಲಿಲ್ಲ. ಎರಡನೆಯದು ಇನ್ನೂ ತೀರ್ಮಾನಿಸಿರಲಿಲ್ಲ, ಆರು ದಿನ ಕಳೆದು ಅದೂ ನಿರಾಕರಿಸಿತು. ಅಷ್ಟು ಕಾಯುವ ವ್ಯವಧಾನ ಯಾರಿಗಿತ್ತು? ನಾಲ್ಕು ತಂಡಗಳು ಪೈಪೋಟಿಗಿಳಿದಿದ್ದವು. ಬ್ರೌನ್ಸ್ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು, ಐದು ವರ್ಷಕ್ಕೆ 23 ಕೋಟಿ ಡಾಲರ್ ಪೂರ್ತಿ ಖಾತ್ರಿಯೊಂದಿಗೆ ಬರೆದುಕೊಟ್ಟಿತು. ಲೀಗ್‌ನ ಚರಿತ್ರೆಯಲ್ಲಿ ಅಷ್ಟು ಖಾತ್ರಿ ಯಾರಿಗೂ ಸಿಕ್ಕಿರಲಿಲ್ಲ. ಒಪ್ಪಂದವನ್ನು ಹತ್ತಿರದಿಂದ ನೋಡಬೇಕು: ಮೊದಲ ವರ್ಷದ ಮೂಲವೇತನ 10 ಲಕ್ಷ 35 ಸಾವಿರ, ಮುಂದಿನ ಪ್ರತಿ ವರ್ಷ 4 ಕೋಟಿ 60 ಲಕ್ಷ. ಅಮಾನತಾದಾಗ ಕಡಿತವಾಗುವುದು ಮೂಲವೇತನ ಮಾತ್ರ. ಇಂಥ ಜೋಡಣೆ ತಮ್ಮ ವಾಡಿಕೆ ಎಂಬ ಸಮರ್ಥನೆ ತಂಡದ್ದು, ಇರಬಹುದು. ಶಿಸ್ತು ವಿಚಾರಣೆ ನಡೆಸಿದ ನಿವೃತ್ತ ನ್ಯಾಯಾಧೀಶೆ ಸೂ ರಾಬಿನ್ಸನ್ ಆರು ಪಂದ್ಯದ ಶಿಕ್ಷೆ ಸೂಚಿಸಿದರು. ಲೀಗ್ ಮೇಲ್ಮನವಿಗೆ ಹೋಗಿ, ಕೊನೆಗೆ ರಾಜಿಯಲ್ಲಿ ಅದು ಹನ್ನೊಂದು ಪಂದ್ಯ ಮತ್ತು 50 ಲಕ್ಷ ಡಾಲರ್ ದಂಡವಾಯಿತು. ಹನ್ನೊಂದು ಪಂದ್ಯಕ್ಕೆ ಅವನು ಕಳೆದುಕೊಂಡ ಸಂಬಳ 6 ಲಕ್ಷ 32 ಸಾವಿರ. ಅದೇ ಅಮಾನತು ಮರುವರ್ಷದ ಸಂಬಳದ ಮೇಲೆ ಬಿದ್ದಿದ್ದರೆ 2 ಕೋಟಿ 80 ಲಕ್ಷ ಹೋಗುತ್ತಿತ್ತು. ಹಾರ್ಡಿಯ ಒಪ್ಪಂದ ಅಪಾಯವನ್ನೆಲ್ಲ ಆಟಗಾರನ ಹೆಗಲಿಗೆ ಹೊರಿಸಿದ್ದರೆ, ಏಳು ವರ್ಷದ ನಂತರ ಈ ಒಪ್ಪಂದ ಅದನ್ನೆಲ್ಲ ಅವನ ಹೆಗಲಿನಿಂದ ಇಳಿಸಿತು. ರನ್ನಿಂಗ್ ಬ್ಯಾಕ್‌ಗಳು ಹಲವರು ಸಿಗುತ್ತಾರೆ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಗುವುದಿಲ್ಲ, ಅಷ್ಟೇ.

ಮೂರು ಋತುಗಳಲ್ಲಿ ವಾಟ್ಸನ್ ಕ್ಲೀವ್‌ಲ್ಯಾಂಡ್‌ಗೆ ಆಡಿದ್ದು 19 ಪಂದ್ಯ. ಮೊದಲು ಭುಜ, ಆಮೇಲೆ ಹಿಮ್ಮಡಿಯ ಸ್ನಾಯುರಜ್ಜು ಕೈಕೊಟ್ಟಿತು. 2025ರ ಮಾರ್ಚ್‌ನಲ್ಲಿ ತಂಡದ ಮಾಲೀಕ ಜಿಮ್ಮಿ ಹ್ಯಾಸ್ಲಮ್ ತಪ್ಪಾಯಿತೆಂದು ಒಪ್ಪಿಕೊಂಡರು. ಜೋರಾಗಿ ಬ್ಯಾಟು ಬೀಸಿದೆವು, ಚೆಂಡು ತಾಗಲಿಲ್ಲ ಎಂಬರ್ಥದ ಬೇಸ್‌ಬಾಲ್ ನುಡಿಗಟ್ಟು ಬಳಸಿದರು. ಕ್ವಾರ್ಟರ್‌ಬ್ಯಾಕ್ ಸಿಕ್ಕನೆಂದುಕೊಂಡೆವು, ಸಿಗಲಿಲ್ಲ, ಅವನಿಗಾಗಿ ಬಹಳಷ್ಟು ಡ್ರಾಫ್ಟ್ ಆಯ್ಕೆಗಳನ್ನು ಬಿಟ್ಟುಕೊಟ್ಟೆವು ಎಂದರು.