ಯಾವ ದೇಶವನ್ನು ಸುತ್ತಬೇಕು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಮಾತು. ಆದರೆ ಯಾವ ದೇಶವನ್ನು ಸುತ್ತಬೇಕೆಂಬುದನ್ನು ಈ ಗಾದೆ ಹೇಳುವುದಿಲ್ಲ. ಆಳುವವರೇ ತಮ್ಮ ಪ್ರಜೆಗಳನ್ನು ತುಳಿಯುತ್ತಿರುವ ನಾಡಿಗೆ ನಾವು ಅತಿಥಿಗಳಾಗಿ ಹೋಗಬಹುದೆ? ಅಲ್ಲಿ ನಾವು ವೆಚ್ಚಮಾಡುವ ಹಣವೂ ಪಡೆಯುವ ಸತ್ಕಾರವೂ ಯಾರ ಕೈಯನ್ನು ಬಲಪಡಿಸುತ್ತವೆ? ಪ್ರವಾಸ ಹೊರಡುವವರು ಸಾಮಾನ್ಯವಾಗಿ ಕೇಳಿಕೊಳ್ಳದ ಪ್ರಶ್ನೆ ಇದು. ನಮ್ಮ ದೇಶವಾದರೋ ಒಮ್ಮೆ ಇದನ್ನು ಕೇಳಿಕೊಂಡು, ಉತ್ತರವನ್ನು ತನ್ನ ಪ್ರಜೆಗಳ ಪಾಸ್‌ಪೋರ್ಟಿನಲ್ಲಿಯೇ ಬರೆಯಿಸಿತ್ತು. ಅನೇಕ ವರ್ಷಗಳ ಕಾಲ ಭಾರತದ ಪಾಸ್‌ಪೋರ್ಟು ದಕ್ಷಿಣ ಆಫ್ರಿಕಕ್ಕೆ ಸಲ್ಲುತ್ತಿರಲಿಲ್ಲ.

ಗಾಂಧೀಜಿಯವರನ್ನು 1893ರಲ್ಲಿ ರೈಲುಗಾಡಿಯಿಂದ ಹೊರದಬ್ಬಿದ ಕಥೆಯನ್ನು ನೀವು ಓದಿದ್ದೀರಿ. 1948ರಲ್ಲಿ ಅಧಿಕಾರಕ್ಕೆ ಬಂದ ಪಕ್ಷವು ಅಂತಹ ಅವಮಾನವನ್ನು ಇಡೀ ರಾಜ್ಯದ ಕಾನೂನಾಗಿ ಮಾಡಿತು. ಬಿಳಿಯರು ವಾಸಿಸುವ ಬೀದಿ ಬೇರೆ, ಉಳಿದವರದು ಬೇರೆ. ಶಾಲೆ, ಆಸ್ಪತ್ರೆ, ಸಮುದ್ರತೀರ, ಉದ್ಯಾನದ ಬೆಂಚು ಎಲ್ಲವೂ ಬೇರೆ ಬೇರೆ. ಕಪ್ಪು ಜನ ತಮ್ಮದೇ ನೆಲದಲ್ಲಿ ಓಡಾಡಲು ಪರವಾನಗಿ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕಾಗಿತ್ತು. ಇದೇ ವರ್ಣಭೇದ ನೀತಿ. ಭಾರತವು ಅದಕ್ಕೂ ಮೊದಲೇ, 1946ರಲ್ಲಿ, ಅಲ್ಲಿನ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟು, ಆ ದೇಶದೊಡನೆ ವ್ಯಾಪಾರವನ್ನು ನಿಲ್ಲಿಸಿತ್ತು. 1959ರಲ್ಲಿ ಆಫ್ರಿಕನ್ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಲುಥುಲಿಯವರೇ ತಮ್ಮ ದೇಶವನ್ನು ಬಹಿಷ್ಕರಿಸಿರೆಂದು ಹೊರಗಿನವರನ್ನು ಕೇಳಿಕೊಂಡರು. ಬಹಿಷ್ಕಾರದ ಪೆಟ್ಟು ಮೊದಲು ಬೀಳುವುದು ತಮ್ಮ ಬಡಜನರ ಮೇಲೆಯೇ ಎಂಬುದನ್ನು ಅವರು ಅರಿಯದವರಲ್ಲ, ಅರಿತೇ ಕೇಳಿದರು.

ಹೋಗದಿರುವುದಕ್ಕೂ ಬೆಲೆಯುಂಟು. 1974ರಲ್ಲಿ ಭಾರತದ ಟೆನಿಸ್ ತಂಡ ಡೇವಿಸ್ ಕಪ್ ಪಂದ್ಯಾವಳಿಯಲ್ಲಿ ಬಲಿಷ್ಠವಾದ ಆಸ್ಟ್ರೇಲಿಯವನ್ನೂ, ಬಳಿಕ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಅಂತಿಮ ಸುತ್ತನ್ನು ಮುಟ್ಟಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಆಗ ಇಪ್ಪತ್ತರ ಆಸುಪಾಸಿನ ತರುಣರು. ಎದುರಾಳಿಯಾಗಿ ಬಂದದ್ದು ದಕ್ಷಿಣ ಆಫ್ರಿಕ! ಭಾರತ ಆಡಲು ಒಪ್ಪಲಿಲ್ಲ. ಚೆಂಡು ಅಂಗಳಕ್ಕೆ ಬೀಳದೆಯೇ ಕಪ್ಪು ದಕ್ಷಿಣ ಆಫ್ರಿಕದ ಪಾಲಾಯಿತು. ವರ್ಷವಿಡೀ ಬೆವರು ಸುರಿಸಿದ ಆಟಗಾರರಿಗೆ ಅಂದು ಹೇಗಾಗಿರಬೇಕು!

ಹಾಗಾದರೆ ಹೋಗದಿರುವುದೊಂದೇ ಧರ್ಮವೆ? ಇದೇ ಟೆನಿಸ್ ಅಂಗಳದಿಂದ ಇನ್ನೊಂದು ಉತ್ತರವೂ ಬಂದಿದೆ. ಆರ್ಥರ್ ಆಶ್ ಅಮೆರಿಕದ ಕಪ್ಪು ಜನಾಂಗದ ಶ್ರೇಷ್ಠ ಆಟಗಾರರು. ದಕ್ಷಿಣ ಆಫ್ರಿಕದ ಸರಕಾರ ಅವರಿಗೆ ಮೊದಲು ವೀಸಾ ಕೊಡಲಿಲ್ಲ. 1973ರಲ್ಲಿ ಕೊಟ್ಟಾಗ ಅವರು ಬಾಗಿಲು ತೆರೆಯಿತೆಂದು ಸುಮ್ಮನೆ ಒಳನುಗ್ಗಲಿಲ್ಲ. ತಮ್ಮ ಆಟ ನೋಡಲು ಬರುವವರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದೆಂದು ಷರತ್ತು ಹಾಕಿದರು. ಆ ಮಾತು ಪೂರ್ತಿಯಾಗಿ ನಡೆಯಲಿಲ್ಲವೆಂಬುದು ಬೇರೆ ವಿಷಯ. ಜೊಹಾನ್ಸ್‌ಬರ್ಗ್‌ನಲ್ಲಿ ಆಡಿ ಜೋಡಿ ಆಟದ ಪ್ರಶಸ್ತಿಯನ್ನು ಗೆದ್ದರು. ಕಪ್ಪು ಜನರ ಬಡಾವಣೆಯಾದ ಸೊವೆಟೊಗೂ ಹೋದರು. ಅಲ್ಲಿ ಎಲ್ಲರೂ ಹಾರ ಹಾಕಲಿಲ್ಲ. ನೀವು ಬಂದದ್ದರಿಂದ ಈ ಸರಕಾರಕ್ಕೆ ಮರ್ಯಾದೆ ಬಂದಂತಾಯಿತಲ್ಲವೆ ಎಂದು ಮುಖಕ್ಕೇ ಕೇಳಿದವರಿದ್ದರು. ಆದರೆ ನಿಮ್ಮ ವಯಸ್ಸಿನವನೇ ಆದ, ಕೊಳೆಗೇರಿಯ ಒಬ್ಬ ಬಾಲಕನ ಬದುಕು ಆಶ್ ಅವರನ್ನು ಕಂಡ ಮೇಲೆ ತಿರುಗಿತು. ಆ ಬಾಲಕ, ಮಾರ್ಕ್ ಮತಬಾನೆ, ಮುಂದೆ ಟೆನಿಸ್ ಆಟದ ಬಲದಿಂದಲೇ ಅಮೆರಿಕಕ್ಕೆ ಓದಲು ಹೋಗಿ, ವರ್ಣಭೇದದ ನಡುವೆ ಬೆಳೆದ ತನ್ನ ಬಾಲ್ಯವನ್ನು ಆತ್ಮಕಥೆಯಾಗಿ ಬರೆದು ಲೋಕಕ್ಕೆ ತಿಳಿಸಿದನು.

ಆಶ್ ಅವರು ತಮ್ಮ ಅಭಿಪ್ರಾಯವನ್ನು ಅಲ್ಲಿಗೇ ಕಟ್ಟಿಡಲಿಲ್ಲ. ಹೋಗಿಬಂದು ಮಾತನಾಡುವುದರಿಂದ ಆಳುವವರ ಮನಸ್ಸು ಕರಗುವುದಿಲ್ಲವೆಂದು ಕಂಡ ಮೇಲೆ ಬಹಿಷ್ಕಾರದ ಪಕ್ಷವನ್ನು ಹಿಡಿದರು. 1985ರಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೂ ಒಳಗಾದರು. ಇದನ್ನು ಚಂಚಲತೆ ಎನ್ನುವವರು ಎನ್ನಲಿ. ನನಗಂತೂ ಅದು ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ.

ನೊಂದವರು ಏನು ಕೇಳುತ್ತಿದ್ದಾರೆಂಬುದನ್ನು ಮೊದಲು ತಿಳಿಯಬೇಕೆಂದು ನಾನು ನಂಬಿದ್ದೇನೆ. ಅವರ ದನಿಯೂ ಯಾವಾಗಲೂ ಒಂದೇ ಆಗಿರುವುದಿಲ್ಲ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ನಮ್ಮ ನೆರೆಯ ಮ್ಯಾನ್ಮಾರ್, ಎಂದರೆ ಹಿಂದಿನ ಬರ್ಮಾದಲ್ಲಿ, ಸೈನಿಕ ಸರಕಾರವು 1996ನ್ನು ಪ್ರವಾಸಿ ವರ್ಷವೆಂದು ಸಾರಿತು. ಪ್ರವಾಸಿಗಳ ಕಣ್ಣಿಗೆ ಚೆಲುವಾಗಿ ಕಾಣಲೆಂದು ಮಾಂಡಲೆಯ ಅರಮನೆಯ ಕಂದಕವನ್ನು ಬಿಟ್ಟಿದುಡಿಮೆಯಿಂದ ಶುಚಿಮಾಡಿಸಲಾಯಿತು. ಆ ನೀರಿನ ದಡದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವನಿಗೆ ಕೆಸರೆತ್ತಿದವರ ಕೈಗಳು ಕಾಣಿಸುವುದಿಲ್ಲ. ಆಂಗ್ ಸಾನ್ ಸೂ ಕೀ ಅವರ ಪಕ್ಷ ಆಗ ಪ್ರವಾಸಿಗಳಿಗೆ ಬರಬೇಡಿರೆಂದಿತು. 2010ರಲ್ಲಿ ಅದೇ ಪಕ್ಷ, ಗುಂಪುಕಟ್ಟಿಕೊಂಡು ಬರದೆ ಒಬ್ಬೊಬ್ಬರಾಗಿ ಬಂದು ಜನರ ಸ್ಥಿತಿಯನ್ನು ನೋಡಿ ಎಂದಿತು. ಸರಕಾರದ ಹೋಟೆಲಿನಲ್ಲಿ ಇಳಿಯುವವನೂ, ಬೀದಿಬದಿಯ ಚಹದಂಗಡಿಯಲ್ಲಿ ಕುಳಿತು ನಾಲ್ಕು ಮಾತು ಕೇಳುವವನೂ ಹೋಗುವುದು ಒಂದೇ ದೇಶಕ್ಕಾದರೂ, ಇಬ್ಬರ ಪ್ರವಾಸವೂ ಒಂದೇ ಅಲ್ಲ.

ಇಲ್ಲೊಂದು ಮಾತನ್ನು ಮರೆಯಲಾಗದು. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟವಿಡುತ್ತಿದ್ದುದನ್ನು ಕಂಡ ಪರದೇಶಿಯೊಬ್ಬನು, ಇಂತಹ ದೇಶಕ್ಕೆ ನಾನು ಬರಬೇಕಾಗಿತ್ತೆ ಎಂದು ಕೇಳಿದ್ದರೆ ನಾವು ಏನು ಹೇಳುತ್ತಿದ್ದೆವು? ನಮ್ಮ ಕಾನೂನು ಅದನ್ನು ಅಪರಾಧವೆಂದು ಸಾರಿದೆ, ಅಲ್ಲಿನ ಕಾನೂನು ಅದನ್ನೇ ಕಡ್ಡಾಯಗೊಳಿಸಿತ್ತು ಎಂದು ಹೇಳಬಹುದಾಗಿತ್ತು. ಇದು ಸಣ್ಣ ವ್ಯತ್ಯಾಸವಲ್ಲ, ನಿಜ. ಆದರೂ ತಲೆಯೆತ್ತಿ ಹೇಳುವಾಗ ಗಂಟಲು ಸ್ವಲ್ಪ ಕಟ್ಟುತ್ತಿತ್ತು.

ನೆಲ್ಸನ್ ಮಂಡೇಲಾ ಅವರು 1990ರಲ್ಲಿ ಸೆರೆಯಿಂದ ಹೊರಬಂದರು. ಮರುವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ತಂಡ, ಅಷ್ಟು ವರ್ಷ ತನ್ನೊಡನೆ ಆಡಲು ಒಲ್ಲೆನೆಂದಿದ್ದ ಭಾರತಕ್ಕೇ ಮೊದಲು ಬಂದಿತು. ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಕಿಕ್ಕಿರಿದಿದ್ದ ಜನ ಅವರನ್ನು ಕರತಾಡನದಿಂದ ಬರಮಾಡಿಕೊಂಡರು. ಟೆನಿಸ್ಸಿನಲ್ಲಿ ಭಾರತವು 1966, 1974 ಮತ್ತು 1987ರಲ್ಲಿ, ಹೀಗೆ ಮೂರು ಸಲ ಡೇವಿಸ್ ಕಪ್ಪಿನ ಅಂತಿಮ ಸುತ್ತನ್ನು ಮುಟ್ಟಿದೆ. ಕಪ್ಪು ಮಾತ್ರ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ.