ಕೈಕಟ್ಟಿದ ವೈರಿ

ಶ್ರಾವಕನ ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಭಾರ ಹೇರುವುದು, ಅನ್ನನೀರು ತಡೆಯುವುದು. ಪ್ರವಚನಗಳಲ್ಲಿ ಇವನ್ನು ಎತ್ತು ಎಮ್ಮೆಗಳ ವಿಷಯವಾಗಿ ವಿವರಿಸುವುದೇ ಹೆಚ್ಚು. ಆದರೆ ಸೆರೆಮನೆಯ ಚಿತ್ರಹಿಂಸೆಯನ್ನು ವರ್ಣಿಸಲು ಬೇರೆ ಪದಗಳೇ ಬೇಕಿಲ್ಲ.

ಮೇಲೆ ಬಿದ್ದ ವೈರಿಯನ್ನು ತಡೆಯುವ ವಿರೋಧೀ ಹಿಂಸೆಯಿಂದ ಗೃಹಸ್ಥನೂ ರಾಜನೂ ಪೂರ್ಣವಾಗಿ ಪಾರಾಗಲಾರರೆಂದು ನಮ್ಮ ಪರಂಪರೆ ಒಪ್ಪುತ್ತದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಸೇನಾಪತಿಯೇ. ಆದರೆ ಕೈಕಟ್ಟಿ ಕೂಡಿಸಿದವನು ಯಾರನ್ನು ವಿರೋಧಿಸುತ್ತಾನೆ? ಅವನಿಗೆ ಕೊಡುವ ನೋವು ಸಂಕಲ್ಪೀ ಹಿಂಸೆ. ಅದಕ್ಕೆ ಶ್ರಾವಕಾಚಾರದಲ್ಲಿ ರಿಯಾಯಿತಿ ಇಲ್ಲ.

ಸಿರಸಂಗಿಯ ಸುತ್ತಿನವರಿಗೆ ಕಿತ್ತೂರಿನ ಕದನ ಮನೆಮಾತು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದಾಗ ಸ್ಟೀವನ್‌ಸನ್, ಎಲಿಯಟ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮನ ಸೆರೆಯಿಂದ ಇಬ್ಬರೂ ಜೀವಸಹಿತ ಹೊರಬಂದರು. ಆ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ನೂರಾರು ಶಾಸನಗಳನ್ನು ಸಂಗ್ರಹಿಸಿದ. ಪಾಠ ಹೇಳುವಾಗ ನಾವು ಶಿಕ್ಷಕರು ಖಡ್ಗವನ್ನು ವರ್ಣಿಸಿದಷ್ಟು ಇದನ್ನು ವರ್ಣಿಸುವುದಿಲ್ಲ.

ಸ್ವತಂತ್ರ ಭಾರತದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯೂ ಒಂದು ರಣಭೂಮಿಯಾಗಿತ್ತು. 1993ರಲ್ಲಿ ಪಾಲಾರ್ ಬಳಿ ವೀರಪ್ಪನ್ ಸಿಡಿಸಿದ ನೆಲಬಾಂಬಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಅವನ ಕ್ರೌರ್ಯದಲ್ಲಿ ಸಂಶಯವಿಲ್ಲ. ಆದರೆ ಅವನ ಸುಳಿವಿಗಾಗಿ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಹಳ್ಳಿಗರನ್ನು ಹಿಡಿದೊಯ್ದಿತು. ಹೊಡೆತ, ವಿದ್ಯುತ್ ಆಘಾತಗಳ ಸಾಕ್ಷ್ಯವನ್ನು ಅವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ನುಡಿದರು. ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಜೈಲಿನಲ್ಲಿದ್ದ ಬಹುತೇಕರನ್ನು ಮೈಸೂರಿನ ನ್ಯಾಯಾಲಯ 2001ರಲ್ಲಿ ಖುಲಾಸೆ ಮಾಡಿತು.

ಇಷ್ಟಾದರೂ ಆ ನೋವಿನಿಂದ ವೀರಪ್ಪನ್ ಸಿಗಲಿಲ್ಲ. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟಾಗ, ಟಾಡಾ ಬಂದಿಗಳ ಬಿಡುಗಡೆ, ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರ ಎಂದು ಅವನೇ ಬೇಡಿಕೆ ಇಟ್ಟ. ಕೊಲೆಗಾರನ ಬಾಯಿಗೆ ನ್ಯಾಯದ ಮಾತನ್ನು ಕೊಟ್ಟದ್ದು ಸರ್ಕಾರವೇ.

ಕೃತ, ಕಾರಿತ, ಅನುಮತ ಎಂದು ಆಸ್ರವಕ್ಕೆ ಮೂರು ದಾರಿ. ಹೊಡೆದವನು ಪೊಲೀಸ್, ಹೊಡೆಸಿದವನು ಅಧಿಕಾರಿ. ಪತ್ರಿಕೆ ಮಡಚಿ 'ಹಾಗೇ ಮಾಡಬೇಕು' ಎಂದವರು ಮೂರನೆಯ ಸಾಲಿನವರು. 2007ರಲ್ಲಿ ಆಯೋಗವು 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಸೂಚಿಸಿತು. ಆ ಹಣ ಖಜಾನೆಯದು, ಎಂದರೆ ಈ ಮೂರನೆಯ ಸಾಲಿನದು.